ಬೆಳಕಿನ ಗುಂಡಿಗಳ ಲ್ಯಾಪ್‌ಟಾಪ್

ಅಡುಗೆಮನೆಯ ಮೇಜು,
ಶನಿವಾರ, ಇನ್ನೂ ಬೆಳಕು ಹರಿದಿಲ್ಲ

ಪ್ರೀತಿಯ ಅಮ್ಮಾ,

ಎರಡೂಕಾಲಿಗೆ ಎಚ್ಚರವಾಯಿತು. ಮಗು ಅತ್ತಿದ್ದಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನು ನಡುವಿನದ್ದನ್ನೆಲ್ಲ ಬಿಟ್ಟು ನೇರ ಕೊನೆಯ ಸಾಲಿಗೆ ಹಾರುತ್ತೀಯ. ನನ್ನನ್ನು ಎಬ್ಬಿಸಿದ್ದು ನಮ್ಮ ಮುದಿ ಲ್ಯಾಪ್‌ಟಾಪಿನ ಫ್ಯಾನು. ಯಾರೂ ಮುಟ್ಟಿರಲಿಲ್ಲ, ಚಾರ್ಜಿಗೆ ಹಾಕಿ ಮೇಜಿನ ಮೇಲೆ ತೆರೆದಿಟ್ಟು ಮಲಗಿದ್ದೆ, ಅಷ್ಟೇ. ಕತ್ತಲಲ್ಲಿ ಅದು ತನ್ನಷ್ಟಕ್ಕೆ ತಾನೇ ಉಬ್ಬಸ ಬಂದವರ ಹಾಗೆ ಸುಂಯ್ಯೆನ್ನುತ್ತಿತ್ತು. ನಾನು ಎದ್ದು ಮೊದಲು ಮಗುವಿನ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡಿದೆ (ನಗಬೇಡ, ರಾತ್ರಿಗೆ ನಾಲ್ಕು ಸಲ ನೋಡುತ್ತೇನೆ), ಆಮೇಲೆ ಇಲ್ಲಿಗೆ ಬಂದೆ. ಇವರು ಮಗ್ಗುಲು ಕೂಡ ಬದಲಾಯಿಸಲಿಲ್ಲ. ಇವರ ನಿದ್ದೆಯನ್ನು ಕಿಸ್ತಿನಲ್ಲಿ ಮಾರುವುದಾದರೆ ನಾನೇ ಮೊದಲ ಗಿರಾಕಿ.

ಹೇಗಿದ್ದೀಯ? ಮಂಡಿ ಹೇಗಿದೆ? ಹಾಸ್ಟೆಲಿನ ಮೂರನೇ ಮಹಡಿಯಿಂದ ಕೆಳಗಿನ ಕೋಣೆಗೆ ಬದಲಾಯಿಸಿಕೊಡಿ ಎಂದು ಕೇಳುತ್ತೇನೆ ಅಂದಿದ್ದೆ, ಕೇಳಿದೆಯಾ? ಇಪ್ಪತ್ತೆರಡು ವರ್ಷ ಹಲ್ಲಿನ ಆಸ್ಪತ್ರೆಯ ಮುಂಗಟ್ಟೆಯಲ್ಲಿ ಕೂತು ಎಲ್ಲರಿಗೂ ಅಪಾಯಿಂಟ್‌ಮೆಂಟ್ ಹಂಚಿದವಳು ನೀನು, ನಿನಗೆ ಬೇಕಾದದ್ದನ್ನು ಕೇಳುವಾಗ ಮಾತ್ರ ಬಾಯಿಗೆ ಬೀಗ. ಐವತ್ತನಾಲ್ಕಕ್ಕೆ ಕಾನೂನು ಓದಲು ಹೋದದ್ದಕ್ಕೆ ದೊಡ್ಡಮ್ಮನಿಗೆ ಇನ್ನೂ ಸಮಾಧಾನವಾಗಿಲ್ಲ. ಮೊನ್ನೆ ಬಂದವಳು ಮಗುವನ್ನು ಎತ್ತಿಕೊಂಡು, ನನಗೆ ಕೇಳಿಸುವ ಹಾಗೆ ಮಗುವಿಗೆ ಹೇಳಿದಳು: "ನಿಮ್ಮಜ್ಜಿ ಕೋಟು ಹಾಕ್ಕೊಂಡು ಕೋರ್ಟಿಗೆ ಹೋಗೋ ಹೊತ್ತಿಗೆ ನೀನು ಮದ್ವೆ ವಯಸ್ಸಿಗೆ ಬಂದಿರ್ತೀಯ ಕಣೇ." ನಿನ್ನ ಮೊಮ್ಮಗಳು ಅವಳನ್ನು ದಿಟ್ಟಿಸಿ ನೋಡಿದಳು, ಸ್ವಲ್ಪ ಯೋಚಿಸಿದಳು, ಆಮೇಲೆ ಅವಳ ಭುಜದ ಮೇಲೆ ಹಾಲು ಕಕ್ಕಿದಳು. ನೀನು 'ಜಡ್ಜಮ್ಮ' ಎಂದು ಹೆಸರಿಟ್ಟದ್ದು ಸುಳ್ಳಲ್ಲ. ವಾದ ಪೂರ್ತಿ ಕೇಳಿಯೇ ತೀರ್ಪು ಕೊಡುತ್ತಾಳೆ.

ಈಗ ಸುದ್ದಿಗೆ ಬರುತ್ತೇನೆ. ನನ್ನ ಕೆಲಸದ ವಿಷಯ ಹೇಳಿದ್ದೆನಲ್ಲ: ಕಿವಿ ಕೇಳದ ವಿದ್ಯಾರ್ಥಿಗಳಿಗಾಗಿ, ತರಗತಿಯಲ್ಲಿ ಪಾಠ ನಡೆಯುತ್ತಿರುವಾಗಲೇ ಅದನ್ನು ಮನೆಯಲ್ಲಿ ಕೂತು ಕೇಳುತ್ತ ಟೈಪ್ ಮಾಡಿ ಅವರ ಪರದೆಯ ಮೇಲೆ ಮೂಡಿಸುವುದು. ಪರೀಕ್ಷೆಯಲ್ಲಿ ನನ್ನ ಬೆರಳು ಪಾಸು, ಯಂತ್ರ ಫೇಲು. ಮೇಷ್ಟರು ಮೂರನೇ ವಾಕ್ಯದಲ್ಲಿದ್ದರೆ ನಮ್ಮ ಲ್ಯಾಪ್‌ಟಾಪು ಮೊದಲನೆಯದನ್ನು ಇನ್ನೂ ಬಾಯಲ್ಲೇ ಇಟ್ಟುಕೊಂಡಿರುತ್ತದೆ. ಮೇಲ್ವಿಚಾರಕಿ ಒಳ್ಳೆಯವಳು, ಆದರೆ ನೇರ. "ನಿಮ್ಮ ಕೈ ಚೆನ್ನಾಗಿದೆ, ನಿಮ್ಮ ಮಿಷನ್ನು ತೊದಲತ್ತೆ. ಸೋಮವಾರ ಬೆಳಿಗ್ಗೆಯೊಳಗೆ ಸರಿಮಾಡ್ಕೊಳ್ಳಿ, ಇಲ್ಲಾಂದ್ರೆ ಪಟ್ಟಿಯಲ್ಲಿ ಮುಂದಿನವರನ್ನ ಕರೀಬೇಕಾಗತ್ತೆ" ಎಂದಳು. ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಮಾಡಬಹುದಾದ ಕೆಲಸ ಇನ್ನೆಲ್ಲಿ ಸಿಗುತ್ತದೆ, ಹೇಳು. ಹಾಗಾಗಿ ಈ ವಾರ ಪೂರ್ತಿ ನನಗೆ ಲ್ಯಾಪ್‌ಟಾಪಿನದೇ ಧ್ಯಾನ. ಹಳೆಯದಕ್ಕೆ ನೀನು ಹೋದಾಗಿನಿಂದ ಈ ಕಾಯಿಲೆ; ನಿನ್ನನ್ನು ನೆನೆದು ಕೊರಗುತ್ತಿದೆ ಎಂದು ಇವರು ತಮಾಷೆ ಮಾಡುತ್ತಾರೆ. ಬೀದಿ ಕೊನೆಯ ರಿಪೇರಿಯವನಿಗೆ ತೋರಿಸಿದೆ. "ಇನ್ನೊಂದು ಮೆಮೊರಿ ಪಟ್ಟಿ ಹಾಕೋದಕ್ಕೆ ಜಾಗ ಇದೆ ಅಕ್ಕಾ, ಹಾಕಿದ್ರೆ ಇನ್ನೂ ಓಡತ್ತೆ. ಆದ್ರೆ ಒಳಗಡೆ ಏನೋ ಗುಟ್ಟಾಗಿ ಕೆಲಸ ಮಾಡ್ತಾ ಇದೆ, ಅದನ್ನ ಹುಡುಕಬೇಕು. ಎರಡು ವಾರ ಬಿಟ್ಟು ಹೋಗಿ. ನೆಗಡಿ ಬಂತು ಅಂತ ಮೂಗು ಕುಯ್ಕೊಳ್ತಾರಾ?" ಎಂದ. ಎರಡು ವಾರ ಎಂದ ಕೂಡಲೇ ನನಗೆ ಮೂಗೂ ಬೇಡ, ನೆಗಡಿಯೂ ಬೇಡ ಅನ್ನಿಸಿಬಿಟ್ಟಿತು.

ಅಂಗಡಿಗೂ ಹೋಗಿದ್ದೆ, ಜಡ್ಜಮ್ಮನನ್ನು ಎದೆಗೆ ಕಟ್ಟಿಕೊಂಡು. ಅಲ್ಲಿ ಸಾಲಾಗಿ ಬಾಯಿ ತೆರೆದು ನಿಂತಿದ್ದ ಲ್ಯಾಪ್‌ಟಾಪುಗಳನ್ನು ನೋಡಿದರೆ ನಿನ್ನ ಹಲ್ಲಿನ ಆಸ್ಪತ್ರೆಯೇ ನೆನಪಾಯಿತು. ಮಾರಾಟದ ಹುಡುಗಿ ಬಂದು, "ಮೇಡಂ, ಗೇಮ್ ಆಡ್ತೀರಾ, ವೀಡಿಯೊ ಎಡಿಟ್ ಮಾಡ್ತೀರಾ?" ಎಂದು ಕೇಳಿದಳು. ಬರೀ ಟೈಪ್ ಮಾಡುತ್ತೇನೆ ಎಂದಾಗ ಅವಳ ಮುಖದ ದೀಪ ಅರ್ಧ ಆರಿತು. ಆದರೂ ನಾನು ಬಿಡಲಿಲ್ಲಮ್ಮ. ಇದು ಯಾಕೆ ಹೆಚ್ಚು, ಅದು ಯಾಕೆ ಕಡಿಮೆ, ಎರಡೂ ಕಪ್ಪಗೇ ಇವೆಯಲ್ಲ ಎಂದು ಕೇಳಿ ಕೇಳಿ ಅವಳ ಜೀವ ತಿಂದೆ. ಅವಳು ಹೇಳಿದ್ದನ್ನೆಲ್ಲ ಮನೆಗೆ ಬಂದು ನನ್ನ ಭಾಷೆಗೆ ತಿರುಗಿಸಿಕೊಂಡೆ. ಮೆಮೊರಿ ಅಂದರೆ ತೊಡೆ. ತೊಡೆಯ ಮೇಲೆ ಮಗು ಹಿಡಿಸುತ್ತದೆ, ಜೊತೆಗೆ ಬಾಟಲಿ ಹಿಡಿಸುತ್ತದೆ, ಫೋನೂ ಇಟ್ಟುಕೊಳ್ಳಬಹುದು. ನಾಲ್ಕನೆಯದು ಬಂದರೆ ಒಂದು ಜಾರಲೇಬೇಕು. ನನ್ನ ಕೆಲಸಕ್ಕೆ ಅಗಲವಾದ ತೊಡೆಯೇ ಬೇಕು, ಎಂಟು ಜಿಬಿ ಸಾಲದು, ಹದಿನಾರು. ಡಿಸ್ಕ್ ಅಂದರೆ ಅಟ್ಟ. ದೊಡ್ಡದಿದ್ದಷ್ಟೂ ಬೇಡದ್ದೇ ತುಂಬುತ್ತದೆ, ಚಿಕ್ಕದು ಸಾಕು. ಪ್ರೊಸೆಸರ್ ಅಂದರೆ ಕೈಚಳಕ. ಕೆಲವು ಕಂಪನಿಯವರು ಮೆಮೊರಿಯನ್ನು ಒಳಗೇ ಬೆಸುಗೆ ಹಾಕಿಬಿಡುತ್ತಾರಂತೆ, ಆಮೇಲೆ ಸಾಯುವ ತನಕ ಅಷ್ಟೇ ತೊಡೆ. ಅಂಥದ್ದನ್ನು ದೂರವಿಟ್ಟೆ. ನಾಳೆ ಬೆಳೆಯಲು ಜಾಗವಿಲ್ಲದ್ದನ್ನು ಯಾಕೆ ತರಬೇಕು?

ಅಂಗಡಿಗಿಂತ ಅವರದೇ ವೆಬ್‌ಸೈಟಿನಲ್ಲಿ ಅಗ್ಗ ಎಂದು ಆ ಹುಡುಗಿಯೇ ಪಿಸುಗುಟ್ಟಿದಳು. ಅಲ್ಲಿ ನಮಗೆ ಬೇಕಾದ ಹಾಗೆ ಜೋಡಿಸಿಕೊಳ್ಳಬಹುದು, ಆರ್ಡರ್ ಮಾಡಿದ ಮರುದಿನವೇ ಮನೆಗೆ ತಲುಪುತ್ತದಂತೆ. ಒಂದೊಂದು ಗುಂಡಿ ಒತ್ತಿದಾಗಲೂ ಮೂಲೆಯಲ್ಲಿ ಬೆಲೆ ಏರುತ್ತದೆ, ಇಳಿಯುತ್ತದೆ. ನಾನು ಮೂರು ರಾತ್ರಿ ತಕ್ಕಡಿ ಆಟ ಆಡಿದ್ದೇನೆ. ಹೊಳೆಯದ ಪರದೆ ಹಾಕು, ಭಾರ ಕಡಿಮೆ ಮಾಡು, ಚೀಲ ಬೇಡ, ಹೆಚ್ಚುವರಿ ಗ್ಯಾರಂಟಿ ಬೇಡ. ಒಂದೇ ಒಂದು ಆಸೆ ಮಾತ್ರ ಬಿಡಲಿಲ್ಲ: ಅಕ್ಷರದ ಗುಂಡಿಗಳ ಅಡಿಯಲ್ಲಿ ಬೆಳಕು. ಮಗು ಮಲಗಿರುವ ಕೋಣೆಯಲ್ಲಿ ದೀಪ ಹಾಕದೆ ಕೆಲಸ ಮಾಡಬಹುದು. ಇವರನ್ನು ಕೇಳಿದರೆ ಪ್ರತಿಯೊಂದಕ್ಕೂ "ಎರಡೂ ಚೆನ್ನಾಗಿದೆ" ಅನ್ನುತ್ತಾರೆ. ಇವರನ್ನು ಮದುವೆಗೆ ಮುಂಚೆ ನಾಲ್ಕು ಹುಡುಗಿಯರ ಫೋಟೋ ತೋರಿಸಿ ಕೇಳಿದ್ದರೂ ಇದನ್ನೇ ಹೇಳುತ್ತಿದ್ದರೇನೋ.

ಎಷ್ಟು ಇಳಿಸಿದರೂ ನಾವು ಎತ್ತಿಟ್ಟ ನಲವತ್ತು ಸಾವಿರದೊಳಗೆ ಅದು ಕೂರುತ್ತಿರಲಿಲ್ಲ. ಉಳಿದದ್ದು ರಿಯಾಯಿತಿ. ಹಳೆಯ ಲ್ಯಾಪ್‌ಟಾಪು ವಾಪಸು ಕೊಟ್ಟರೆ ಒಂದಿಷ್ಟು, ಇವರ ಬ್ಯಾಂಕಿನ ಕಾರ್ಡಿಗೆ ಒಂದಿಷ್ಟು. ಆದರೂ ಸ್ವಲ್ಪ ಕಾಲು ಹೊರಗೇ. ಎಲ್ಲಕ್ಕಿಂತ ದೊಡ್ಡ ರಿಯಾಯಿತಿ ಯಾವುದು ಗೊತ್ತೆ? ವಿದ್ಯಾರ್ಥಿಗಳದು. ಕಾಲೇಜಿನ ಇಮೇಲ್ ಇದ್ದರೆ ಸಾಕು, ಅದಕ್ಕೊಂದು ಆರಂಕಿಯ ಸಂಖ್ಯೆ ಬರುತ್ತದೆ, ಅದನ್ನು ಹಾಕಿದರೆ ಬೆಲೆ ಧೊಪ್ಪನೆ ಬೀಳುತ್ತದೆ. ನಮ್ಮ ಮನೆಯಲ್ಲಿ ವಿದ್ಯಾರ್ಥಿ ಯಾರು? ನಗು ಬಂತಲ್ಲ? ಮಗಳಿಗೆ ಕಡಿಮೆ ಬೆಲೆಗೆ ಸಿಗಲಿ ಎಂದು ಅಮ್ಮ ಕಾಲೇಜಿಗೆ ಸೇರಿದ ಸಂಸಾರ ಇನ್ನೊಂದಿರಲಾರದು. ಈ ರಿಯಾಯಿತಿ ಮಾರಾಟ ಇವತ್ತು ಬೆಳಿಗ್ಗೆ ಏಳಕ್ಕೆ ಮುಗಿಯುತ್ತದೆ. ನೀನು ಐದಕ್ಕೆ ಮೊದಲೇ ಎದ್ದು ಎಲ್ಲಕ್ಕಿಂತ ಮುಂಚೆ ಮೇಲ್ ತೆರೆಯುತ್ತೀಯ, ಅದಕ್ಕೇ ಈ ಕಾಗದ ನಿನ್ನ ಕಾಲೇಜಿನ ಮೇಲಿಗೆ.

ಒಂದು ತೊಡಕಿದೆ. ನೀನು ಹೇಗೂ ಓದುತ್ತೀಯ ಎಂದು ಷರತ್ತುಗಳನ್ನು ನಾನೇ ಓದಿದೆ. ಮೊದಲ ತಿಂಗಳೇ ಫೋನಿನಲ್ಲಿ ನನಗೆ ಪಾಠ ಹೇಳಿದ್ದೆಯಲ್ಲ, "ದೊಡ್ಡಕ್ಷರದಲ್ಲಿ ಕೊಡ್ತಾರೆ, ಸಣ್ಣಕ್ಷರದಲ್ಲಿ ಕಿತ್ಕೊಳ್ತಾರೆ" ಎಂದು. ನಾಲ್ಕನೇ ಷರತ್ತು ಹೀಗಿದೆ: ಒಬ್ಬ ವಿದ್ಯಾರ್ಥಿಗೆ ವರ್ಷಕ್ಕೆ ಒಂದೇ, ಅದೂ ಆ ವಿದ್ಯಾರ್ಥಿಯ ಸ್ವಂತ ಓದಿಗೆ. ನಿನಗೇನೂ ಬೇಕಿಲ್ಲವಲ್ಲ, "ಇಲ್ಲಿ ಲೈಬ್ರರಿಯಲ್ಲಿ ಸಾಲುಸಾಲು ಕಂಪ್ಯೂಟರ್ ಇವೆ, ನಮ್ಮಂಥೋರಿಗೆ ಖಾಲಿನೇ ಇರತ್ತೆ" ಎಂದು ನೀನೇ ಹೇಳಿದ್ದೀಯ. ಹಾಗಾಗಿ ಒಂದು ಕಣ್ಣು ಮುಚ್ಚಮ್ಮ. ವಕೀಲಳಾಗಿ ಬೇಡ, ಅಜ್ಜಿಯಾಗಿ. ನಾನು ಮನಸ್ಸಿನಲ್ಲೇ ನಿನ್ನ ಜೊತೆ ವಾದಿಸಿ ಎರಡು ಸಲ ಸೋತಿದ್ದೇನೆ, ಆದರೂ ಕೇಳುತ್ತಿ

ಸ್ವಲ್ಪ ಇರು. ನೋಡಿದೆಯಾ, ವಾಕ್ಯದ ನಡುವೆಯೇ ನಿಂತುಬಿಟ್ಟಿತು. ಗುಂಡಿ ಒತ್ತಿದರೆ ಅಕ್ಷರ ಬರಲಿಲ್ಲ, ಫ್ಯಾನು ಮಾತ್ರ ಕಿರುಚುತ್ತಿತ್ತು. ಈ ಹೊತ್ತಿನಲ್ಲಿ, ನಾನು ಬರೀ ಕಾಗದ ಬರೆಯುತ್ತಿರುವಾಗ, ಇದಕ್ಕೆ ಅಂಥ ಘನಂದಾರಿ ಕೆಲಸ ಏನು? ರಿಪೇರಿಯವನು ಗುಟ್ಟಾಗಿ ಎಂದದ್ದು ತಲೆಯಲ್ಲಿ ಕೊರೆಯತೊಡಗಿತು. ನಿನಗೆ ನನ್ನ ಬುದ್ಧಿ ಗೊತ್ತಲ್ಲ, ಚಿಕ್ಕವಳಿದ್ದಾಗ ಗಡಿಯಾರ ಬಿಚ್ಚಿ ಏಟು ತಿಂದವಳು. ಕಾಗದವನ್ನು ಉಳಿಸಿ ಹುಡುಕಿಕೊಂಡು ಹೊರಟೆ.

ಯಂತ್ರದೊಳಗೆ ಯಾರು ಎಷ್ಟು ದುಡಿಯುತ್ತಿದ್ದಾರೆ ಎಂದು ತೋರಿಸುವ ಒಂದು ಕಿಟಕಿ ಇದೆ. ತೆರೆದರೆ ಎಲ್ಲರೂ ಸುಮ್ಮನೆ ಕೂತಿದ್ದಾರೆ, ಒಬ್ಬರು ಮಾತ್ರ ಬೆವರು ಸುರಿಸುತ್ತಿದ್ದಾರೆ: ಫೋಟೋಗಳ ಪ್ರೋಗ್ರಾಮು. ಹೊಸ ಚಿತ್ರಗಳು ಬರುತ್ತಿವೆ, ಮುಖಗಳನ್ನು ಹುಡುಕುತ್ತಿದ್ದೇನೆ ಎಂದು ಬರೆದುಕೊಂಡಿತ್ತು. ಎಲ್ಲಿಂದ ಬರುತ್ತಿವೆ? ಆಗ ಹೊಳೆಯಿತು. ನೀನು ಹೊರಡುವ ಹಿಂದಿನ ದಿನ, ನಿನ್ನ ಫೋನಿನಲ್ಲಿರುವ ಮಗುವಿನ ಫೋಟೋಗಳೆಲ್ಲ ತಾವಾಗಿಯೇ ಇಲ್ಲಿಗೆ ಬಂದು ಬೀಳಲಿ ಎಂದು ಎರಡನ್ನೂ ಜೋಡಿಸಿದ್ದು ನಾನೇ. 'ಅಮ್ಮನ ಫೋನು' ಎಂದು ಹೆಸರು ಕೊಟ್ಟು. ನೀನು ಬಸ್ಸು ಹತ್ತಿದ ಮೇಲೆ ಅದನ್ನು ಕಳಚಬೇಕು ಎಂದು ನನಗೂ ನೆನಪಾಗಲಿಲ್ಲ, ನಿನಗಂತೂ ಅಂಥದ್ದೊಂದು ಇದೆ ಎಂದೇ ಮರೆತಿರುತ್ತದೆ.

ಮಗುವಿನ ಫೋಟೋ ಇರುತ್ತವೆ ಎಂದು ಆಸೆಯಿಂದ ತೆರೆದೆ. ಮಗು ಇರಲಿಲ್ಲ ಅಮ್ಮಾ. ಪುಟಗಳು. ಪುಸ್ತಕದ ಪುಟಗಳು, ಒಂದಾದ ಮೇಲೆ ಒಂದು, ಸರಿಸಿದಷ್ಟೂ ಮುಗಿಯದಷ್ಟು. ಸಾಕ್ಷ್ಯ, ಒಪ್ಪಂದ, ಆಸ್ತಿ, ಬಾಡಿಗೆದಾರ. ಪ್ರತಿಯೊಂದರ ಮೂಲೆಯಲ್ಲೂ ಪುಟವನ್ನು ಅದುಮಿ ಹಿಡಿದ ನಿನ್ನ ಹೆಬ್ಬೆರಳು. ನಿನ್ನದೇ ಎಂದು ಯಾರೂ ಹೇಳಬೇಕಿಲ್ಲ, ಇಸ್ತ್ರಿಪೆಟ್ಟಿಗೆ ತಾಗಿದ ಆ ಅರ್ಧಚಂದ್ರದ ಕಲೆ ಇದೆಯಲ್ಲ. ಪುಟದಾಚೆಗೆ ಅಂಚಿನಲ್ಲಿ ಕಾಣುವುದು ಮೇಜಲ್ಲ, ಕಲ್ಲಿನ ಮೆಟ್ಟಿಲು. ಕೆಳಗಿನ ಮೆಟ್ಟಿಲ ಮೇಲೆ ನಿನ್ನ ನೀಲಿ ಚಪ್ಪಲಿ. ಕೋಣೆಯಲ್ಲಿ ಹನ್ನೊಂದಕ್ಕೆ ದೀಪ ಆರಿಸಬೇಕು, ಮೆಟ್ಟಿಲ ದೀಪ ಮಾತ್ರ ರಾತ್ರಿಯಿಡೀ ಉರಿಯುತ್ತದೆ ಎಂದು ಯಾವಾಗಲೋ ನಗುತ್ತ ಹೇಳಿದ್ದೆ. ನಡುವೆ ಒಂದು ಫೋಟೋ ಬೇರೆಯಾಗಿತ್ತು: ಲೈಬ್ರರಿಯ ಕಂಪ್ಯೂಟರ್ ಕೋಣೆಯ ಬಾಗಿಲು, ಬೀಗ, ಬೀಗದ ಮೇಲೆ ಧೂಳು. ಧೂಳು ಕಾಣುವಷ್ಟು ಹತ್ತಿರದಿಂದ ತೆಗೆದಿದ್ದೀಯ. ದೂರು ಕೊಡಲು ಸಾಕ್ಷಿಗೆಂದು ತೆಗೆದದ್ದಿರಬೇಕು, ನೀನು ಬಿಡುವವಳಲ್ಲ. ಆಮೇಲೆ ನಿನ್ನ ಫೋನಿನ ಪರದೆಯದೇ ಚಿತ್ರಗಳು. ಇರುವೆಯಂಥ ಅಕ್ಷರದಲ್ಲಿ ಹೆಬ್ಬೆರಳಿನಿಂದಲೇ ಟೈಪ್ ಮಾಡಿದ ಉತ್ತರಗಳು, ಹನ್ನೆರಡು ಪುಟದ್ದು ಒಂದು.

ಸಾಲುಸಾಲು ಕಂಪ್ಯೂಟರ್ ಅಂದೆಯಲ್ಲಮ್ಮ.

ನಾನು ನೋಡುತ್ತಿರುವಾಗಲೇ ಮತ್ತೊಂದು ಪುಟ ಬಂದು ಬಿತ್ತು. ಫ್ಯಾನು ಸುಂಯ್ಯೆಂದಿತು. ಪಾಪ ಈ ಮುದಿ ಯಂತ್ರ, ಇಷ್ಟು ತಿಂಗಳಿಂದ ನಿನ್ನ ಕಾನೂನು ಪುಸ್ತಕದ ಒಂದೊಂದು ಪುಟದಲ್ಲೂ ಮಗುವಿನ ಮುಖ ಹುಡುಕಿ ಹುಡುಕಿ ಸುಸ್ತಾಗಿದೆ. ಒಂದು ಕಡೆ ನಿನ್ನ ಹೆಬ್ಬೆರಳಿಗೇ ಸುತ್ತ ಚೌಕ ಹಾಕಿ, "ಇವರು ಯಾರು?" ಎಂದು ಕೇಳಿತ್ತು. ಕೆಳಗೆ ಹೆಸರು ಬರೆಯಲು ಜಾಗವಿತ್ತು. ನಾನು ಅಮ್ಮ ಎಂದು ಬರೆದೆ.

ಕುತೂಹಲ ಇನ್ನೂ ತೀರಿರಲಿಲ್ಲ. ಆ ಜೋಡಣೆಯನ್ನು ನಿಲ್ಲಿಸಿ ನೋಡಿದೆ. ಸ್ವಲ್ಪ ಹೊತ್ತು ಗೊಣಗಿ ಫ್ಯಾನು ನಿಂತೇಹೋಯಿತು. ಅಡುಗೆಮನೆ ಎಷ್ಟು ನಿಶ್ಶಬ್ದವಾಯಿತೆಂದರೆ ನಲ್ಲಿಯಿಂದ ಹನಿ ಬೀಳುವುದು ಕೇಳಿಸಿತು. ಕೆಲಸದವರು ಕೊಟ್ಟ ಅಭ್ಯಾಸದ ಪಾಠವನ್ನು ಹಾಕಿಕೊಂಡು ಟೈಪ್ ಮಾಡಿದೆ. ಒಂದು ವಾಕ್ಯವೂ ತಡವರಿಸಲಿಲ್ಲ! ಮೇಷ್ಟರ ಬಾಯಿಯಿಂದ ಮಾತು ಬೀಳುವುದಕ್ಕೂ ಪರದೆಯ ಮೇಲೆ ಮೂಡುವುದಕ್ಕೂ ಕಣ್ಣೆವೆಯಷ್ಟು ಅಂತರ. ಕೊನೆಯ ಭಾಗದಲ್ಲಿ, ಮೇಷ್ಟರು ವೇಗವಾಗಿ ಓದುವಾಗ, ಒಂದೆರಡು ಕಡೆ ಉಸಿರು ಹಿಡಿಯಿತು. ಅಷ್ಟಕ್ಕೆ ರಿಪೇರಿಯವನ ಮೆಮೊರಿ ಪಟ್ಟಿ ಸಾಕು. ಮೂರು ರಾತ್ರಿ ತಕ್ಕಡಿ ಆಡಿದ ನನಗೆ ಈಗ ಅಷ್ಟು ಲೆಕ್ಕ ಬರುತ್ತದೆ. ನನ್ನ ಲ್ಯಾಪ್‌ಟಾಪಿಗೆ ಕಾಯಿಲೆಯೇ ಇರಲಿಲ್ಲ. ನೀನು ಓದುತ್ತಿದ್ದೆ, ಅದಕ್ಕೆ ಕೇಳಿಸುತ್ತಿತ್ತು, ಅಷ್ಟೇ.

ನನಗೆ ಹೊಸದು ಬೇಡ ಅನ್ನಿಸಿತೆಂದು ತಿಳಿಯಬೇಡ, ಸುಳ್ಳು ಹೇಳುವುದಿಲ್ಲ. ಮೂರು ರಾತ್ರಿ ಕನಸಿನಲ್ಲಿ ಅದರ ಗುಂಡಿಗಳು ಬೆಳಗುತ್ತಿದ್ದವು. ಎದ್ದು ಮತ್ತೆ ಮಗುವಿನ ಉಸಿರು ನೋಡಿಬಂದೆ.

ಜಡ್ಜಮ್ಮ ಚೆನ್ನಾಗಿದ್ದಾಳೆ. ಕೆಳಗಿನ ವಸಡಿನಲ್ಲಿ ಅಕ್ಕಿಕಾಳಿನಂಥ ಎರಡು ಹಲ್ಲು. ನಿನ್ನ ಹಳೆಯ ಡಾಕ್ಟರಿಗೆ ಹೇಳು, ಹೊಸ ಗಿರಾಕಿ ಸಿದ್ಧವಾಗುತ್ತಿದ್ದಾಳೆ ಎಂದು. ಇವರು ನಿನ್ನನ್ನು ಕೇಳಿದರು ಎಂದು ಬರೆಯಬೇಕು. ನಿದ್ದೆಯಲ್ಲಿದ್ದಾರೆ, ಎದ್ದಿದ್ದರೆ ಕೇಳುತ್ತಿದ್ದರು. ಮಂಡಿಗೆ ಬಿಸಿನೀರಿನ ಚೀಲ ಇಡುವುದನ್ನು ಮರೆಯಬೇಡ. ಕಲ್ಲಿನ ಮೆಟ್ಟಿಲು ತಣ್ಣಗಿರುತ್ತದೆ, ಕೆಳಗೆ ಏನಾದರೂ ಹಾಸಿಕೊಂಡು ಕೂರು. ನಿನ್ನ ಮೊಮ್ಮಗಳ ಎರಡು ಹಲ್ಲಿನ ಮುತ್ತು, ಕಲೆ ಇರುವ ಆ ಹೆಬ್ಬೆರಳಿಗೆ.

ನಿನ್ನ ಮಗಳು,
ಜಡ್ಜಮ್ಮನ ಖಾಯಂ ಗುಮಾಸ್ತೆ

ಮರೆತಿದ್ದೆ, ಅಂದರೆ ಮರೆತಿರಲಿಲ್ಲ, ಕೊನೆಗೆ ಇಟ್ಟುಕೊಂಡಿದ್ದೆ: ಆರ್ಡರ್ ಬದಲಾಯಿಸಿದ್ದೇನೆ. ಈಗ ಅದರ ಮೇಲೆ ನಿನ್ನ ಹೆಸರು, ನಿನ್ನ ಹಾಸ್ಟೆಲಿನ ವಿಳಾಸ. ಮೆಮೊರಿ ಹದಿನಾರು ತೆಗೆದು ಎಂಟು ಮಾಡಿದೆ, ನಿನಗೆ ಎಂಟು ಸಾಕು, ಬೇಕಾದರೆ ಮುಂದೆ ಸೇರಿಸಲು ಜಾಗವಿದೆ. ಮೆಟ್ಟಿಲು ಹತ್ತಿ ಇಳಿಯುವವಳಿಗೆ ಭಾರವಾಗದ್ದು, ದೀಪ ಆರಿದ ಮೇಲೂ ರಾತ್ರಿಯಿಡೀ ಬ್ಯಾಟರಿ ಇರುವಂಥದ್ದು. ಗುಂಡಿಗಳಿಗೆ ಬೆಳಕು ಹಾಗೇ ಇದೆ. ಎಂಟು ಮಾಡಿದ್ದರಿಂದ ಹಳೆಯದನ್ನು ಕೊಡದೆಯೇ ಹಣ ಹೊಂದುತ್ತದೆ, ಮಿಕ್ಕದ್ದರಲ್ಲಿ ನನ್ನ ಮೆಮೊರಿ ಪಟ್ಟಿ ಬರುತ್ತದೆ. ರಿಪೇರಿಯವನು ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಅವನ ತಲೆಯ ಮೇಲೆ ಕೂರುತ್ತೇನೆ, ಸೋಮವಾರಕ್ಕೆ ನಾನು ತಯಾರು. ನಾಲ್ಕನೇ ಷರತ್ತಿಗೆ ಈಗ ಕೂದಲಷ್ಟೂ ಮೋಸವಿಲ್ಲ, ಬೇಕಾದರೆ ಪರೀಕ್ಷಿಸು. ಆದರೆ ಆ ಆರಂಕಿಯ ಸಂಖ್ಯೆ ನಿನ್ನ ಮೇಲಿಗೇ ಬರಬೇಕು, ಬಂದ ಹತ್ತು ನಿಮಿಷಕ್ಕೆ ಸಾಯುತ್ತದೆ. ನೀನು ಫೋನಿನಲ್ಲಿ ಇರುವಾಗಲೇ ನಾನು ಗುಂಡಿ ಒತ್ತಬೇಕು, ನೀನು ಓದಿ ಹೇಳಬೇಕು. ನಾನೇ ಕರೆ ಮಾಡಿದರೆ ಸೇರುತ್ತಿಲ್ಲ. ರಾತ್ರಿ ಕರೆಗಳನ್ನೆಲ್ಲ ತಡೆಯುವ ಹಾಗೆ ಮಾಡಿಟ್ಟಿದ್ದೀಯ. "ನನಗ್ಯಾಕೆ ಬೇಕು, ನಿನ್ ಕೆಲ್ಸ ನೋಡ್ಕೋ" ಎನ್ನುವ ವಾದವನ್ನು ನಾನು ಈಗಾಗಲೇ ಕೇಳಿಸಿಕೊಂಡು ತಳ್ಳಿಹಾಕಿದ್ದೇನೆ. ಜಡ್ಜಮ್ಮನೂ ಒಪ್ಪಿದ್ದಾಳೆ, ನಿದ್ದೆಯಲ್ಲೇ. ಐದರ ತನಕ ಕಾಯಬೇಡ. ಜೋಡಣೆಯನ್ನು ಈಗ ಮತ್ತೆ ಹಾಕಿ ನೋಡಿದೆ, ಫ್ಯಾನು ತಿರುಗುತ್ತಿದೆ, ಇನ್ನೊಂದು ಪುಟ ಬಂತು, ಇನ್ನೊಂದು. ನೀನು ಎದ್ದಿದ್ದೀಯ ಅಮ್ಮಾ, ಮೆಟ್ಟಿಲ ಮೇಲೆ ಕೂತಿದ್ದೀಯ, ಫೋನು ನಿನ್ನ ಕೈಯಲ್ಲೇ ಇದೆ. ಪುಸ್ತಕ ಮುಚ್ಚು, ಬೆಳಗಾಗುವುದರೊಳಗೆ ಒಂದು ಫೋನ್ ಮಾಡು. ಮಗು ಎದ್ದರೂ ಪರವಾಗಿಲ್ಲ, ಮಾಡಮ್ಮ, ದಮ್ಮಯ್ಯ, ಈಗಲೇ.